ಒಂದು ಫೋನ್ ನಂಬರ್ ಅಳಿಸಲು ಒಂಬತ್ತು ದಿನ

(ತುಮಕೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಕಡೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಕೊನೆಗೆ ಅವರು ಕೇಳಿದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಾನು ಆನ್‌ಲೈನ್‌ನಲ್ಲಿ ಸಾಮಾನು ಮಾರುವ ಒಂದು ಕಂಪನಿಯಲ್ಲಿದ್ದೆ. ಒಂದು ದಿನ ನಮ್ಮ ಕಸ್ಟಮರ್ ಕೇರ್‌ಗೆ ಹಾಸನದ ಕಡೆಯ ಒಬ್ಬ ಹೆಂಗಸು ಫೋನ್ ಮಾಡಿದರು. "ನಮ್ಮ ಯಜಮಾನ್ರು ತೀರಿಕೊಂಡು ಎಂಟು ತಿಂಗಳಾಯ್ತು. ಅವರ ಹೆಸರು ಹಾಕಿ ನಿಮ್ಮ ಆಫರ್ ಮೆಸೇಜು ಬರ್ತಾನೇ ಇದೆ. ಆ ಫೋನ್ ಈಗ ನನ್ನ ಹತ್ರ ಇದೆ. ದಯವಿಟ್ಟು ನಿಲ್ಲಿಸಿ" ಅಂದರು. ಜೋರು ಮಾಡಲಿಲ್ಲ, ಬೈಯಲಿಲ್ಲ. ಅಷ್ಟು ಹೇಳಿ ಫೋನ್ ಇಟ್ಟರು. ಆ ದೂರಿನ ಟಿಕೆಟ್ ನನ್ನ ಹೆಸರಿಗೆ ಬಂತು.

ಅರ್ಧ ಗಂಟೆ ಕೆಲಸ ಅಂದುಕೊಂಡೆ. ಗ್ರಾಹಕರ ಟೇಬಲ್‌ನಲ್ಲಿ ಒಂದು ಸಾಲು ಅಳಿಸಿದರೆ ಆಯ್ತಲ್ಲ. ಅಳಿಸಲು ಹೋದರೆ ಡೇಟಾಬೇಸ್ ಬಿಡಲಿಲ್ಲ. ಹಳೆಯ ಆರ್ಡರ್‌ಗಳೆಲ್ಲ ಆ ಸಾಲಿಗೆ ಕಟ್ಟಿಕೊಂಡಿದ್ದವು. ಸರಿ, ಹೆಸರು ಮತ್ತು ನಂಬರ್ ಮಾತ್ರ ಖಾಲಿ ಮಾಡೋಣ ಅಂತ ಹೊರಟೆ. ಆಮೇಲೆ ಗೊತ್ತಾಯ್ತು, ಪ್ರತಿ ಆರ್ಡರ್‌ನ ವಿಳಾಸದ ಜೊತೆಗೂ ಆ ನಂಬರ್ ಇದೆ ಅಂತ. ಡೆಲಿವರಿ ಮಾಡುವವರಿಗೆ ಕಳಿಸುವ ಫೈಲ್‌ನಲ್ಲಿತ್ತು. ಮೆಸೇಜ್ ಕಳಿಸುವ ಬೇರೆ ಕಂಪನಿಯ ಪಟ್ಟಿಯಲ್ಲಿತ್ತು. ಟೆಸ್ಟಿಂಗ್‌ಗೆ ಅಂತ ನಾವೇ ನಕಲು ಮಾಡಿಟ್ಟುಕೊಂಡ ಡೇಟಾಬೇಸ್‌ನಲ್ಲಿತ್ತು. ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್‌ಗಳಲ್ಲಂತೂ ಸಾಲುಸಾಲಾಗಿ ಬಿದ್ದಿತ್ತು. ಮಾರ್ಕೆಟಿಂಗ್‌ನ ಒಬ್ಬ ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಶೀಟ್ ಒಂದಿತ್ತು, ಅದರಲ್ಲೂ ಸಿಕ್ಕಿತು. ಎಲ್ಲ ಲೆಕ್ಕ ಹಾಕಿದರೆ ಹನ್ನೊಂದು ಕಡೆ. ಒಬ್ಬ ಮನುಷ್ಯನ ಒಂದೇ ನಂಬರ್! ಅದನ್ನು ಹುಡುಕಿ ಅಳಿಸಿ ಮುಗಿಸುವಷ್ಟರಲ್ಲಿ ಒಂಬತ್ತು ದಿನ ಹಿಡಿಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ದೀಪಾವಳಿಗೆ ನಾಲ್ಕು ದಿನ ಮುಂಚೆ ಅದೇ ನಂಬರ್‌ಗೆ ಇನ್ನೊಂದು ಮೆಸೇಜ್ ಹೋಯಿತು. "ತುಂಬಾ ದಿನದಿಂದ ನೀವು ಬಂದೇ ಇಲ್ಲ. ನಿಮ್ಮನ್ನು ನೆನಪಿಸಿಕೊಳ್ಳುತ್ತಿದ್ದೇವೆ." ಹಬ್ಬದ ಪಟ್ಟಿಯನ್ನು ಯಾರೋ ಹಳೆಯ ಬ್ಯಾಕಪ್‌ನಿಂದ ತೆಗೆದಿದ್ದರು. ಈ ಸಲ ಫೋನ್ ಮಾಡಿದ್ದು ಅವರ ಮಗಳು. ಆ ಕರೆಯ ರೆಕಾರ್ಡಿಂಗ್ ನಾನು ಕೇಳಿದೆ. "ಅಮ್ಮ ಆ ಫೋನ್ ಮುಟ್ಟೋದೇ ಬಿಟ್ಟಿದ್ದಾರೆ" ಅಂದಳು.

ಆ ಕಂಪನಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎಲ್ಲರೂ ಒಳ್ಳೆಯವರೇ, ಬುದ್ಧಿವಂತರೇ. ಆದರೆ ಕಂಪನಿ ಶುರುವಾದ ಮೊದಲ ವಾರ ಯಾರೋ ಕೂತು ಟೇಬಲ್ ಬರೆದರಲ್ಲ, ಅವತ್ತು ಒಂದು ಪ್ರಶ್ನೆ ಏಳಲಿಲ್ಲ. ಈ ಮನುಷ್ಯ ಒಂದು ದಿನ ನಮ್ಮನ್ನು ಬಿಟ್ಟು ಹೋಗಬೇಕು ಅಂದರೆ ಹೇಗೆ ಹೋಗುತ್ತಾನೆ?

ನಿಮ್ಮ ಜಿಲ್ಲೆಯಲ್ಲಿ ಕೆರೆಗಳಿಗೆ ಕಡಿಮೆ ಇಲ್ಲ. ಕೆರೆ ಕಟ್ಟುವಾಗ ಏರಿಯ ಜೊತೆಗೇ ತೂಬು ಎಲ್ಲಿ, ಕೋಡಿ ಎಲ್ಲಿ ಅಂತ ಗುರುತು ಮಾಡುತ್ತಾರೆ. ನೀರು ತುಂಬಿ ಏರಿ ಬಿರುಕು ಬಿಟ್ಟ ಮೇಲೆ ಯಾರೂ ಕೋಡಿ ತೆಗೆಯಲು ಹೋಗುವುದಿಲ್ಲ. ನಮ್ಮ ಸಾಫ್ಟ್‌ವೇರ್‌ಗೆ ಬರೀ ನೀರು ಬರುವ ದಾರಿ ಇತ್ತು. ಕೋಡಿಯೇ ಇರಲಿಲ್ಲ.

ಕಾನೂನು, ನೀತಿ ಅಂದ ತಕ್ಷಣ ಇಂಜಿನಿಯರ್‌ಗಳಿಗೆ ಅದು ಕೊನೆಯಲ್ಲಿ ಬರುವ ಕೆಲಸ ಅನಿಸುತ್ತದೆ. ರಿಲೀಸ್‌ಗೆ ಎರಡು ದಿನ ಇದ್ದಾಗ ಲಾಯರ್ ಒಬ್ಬರು ಬಂದು ಒಂದು ಪಟ್ಟಿ ಕೊಡುತ್ತಾರೆ, ನಾವು ಟಿಕ್ ಹಾಕುತ್ತೇವೆ. ಅಷ್ಟು ಹೊತ್ತಿಗೆ ನಿಜವಾದ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ. ಯಾವ ಕಾಲಂ ಇರಬೇಕು, ಯಾವ ಬಟನ್ ಮೊದಲೇ ಆನ್ ಆಗಿರಬೇಕು, ಯಾವ ಎಚ್ಚರಿಕೆಯನ್ನು ಒಂದೇ ಕೀ ಒತ್ತಿ ದಾಟಬಹುದು ಅಂತ ನಾವೇ ನಿರ್ಧರಿಸಿ ಆಗಿರುತ್ತದೆ. ನಿಜವಾದ ಕಾನೂನು ಪಾಲನೆ ನಡೆಯುವುದು ಈ ಸಣ್ಣ ತೀರ್ಮಾನಗಳಲ್ಲಿ.

ಇದಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತೇನೆ. ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕೆನಡಾದ ಎಇಸಿಎಲ್ ಅನ್ನುವ ಸರ್ಕಾರಿ ಕಂಪನಿ ಥೆರಾಕ್-25 ಎಂಬ ಯಂತ್ರ ಮಾಡಿತ್ತು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985ರ ಜೂನ್‌ನಿಂದ 1987ರ ಜನವರಿವರೆಗೆ ಅದು ಆರು ಜನಕ್ಕೆ ವಿಪರೀತ ವಿಕಿರಣ ಕೊಟ್ಟಿತು. ಅವರಲ್ಲಿ ಕೆಲವರು ಅದರಿಂದಲೇ ತೀರಿಕೊಂಡರು. ಅದಕ್ಕೆ ಎರಡು ಬಗೆಯಲ್ಲಿ ಕೆಲಸ ಮಾಡಲು ಬರುತ್ತಿತ್ತು. ಒಂದು ಎಲೆಕ್ಟ್ರಾನ್ ಕಿರಣ, ಇನ್ನೊಂದು ಎಕ್ಸ್-ರೇ. ಎಕ್ಸ್-ರೇಗೆ ತುಂಬಾ ಬಲವಾದ ಕಿರಣ ಬೇಕು. ಆದರೆ ಅದರ ದಾರಿಯಲ್ಲಿ ಒಂದು ಲೋಹದ ತಡೆ ಬಂದು ನಿಲ್ಲಬೇಕು. ತಡೆ ಇಲ್ಲದೆ ಆ ಕಿರಣ ನೇರ ಮೈಮೇಲೆ ಬಿದ್ದರೆ ಮುಗಿಯಿತು.

1986ರ ಮಾರ್ಚ್, ಅಮೆರಿಕದ ಟೆಕ್ಸಾಸ್‌ನ ಟೈಲರ್ ಊರು. ಯಂತ್ರ ನಡೆಸುವಾಕೆ ದಿನಾ ಅದೇ ಕೆಲಸ ಮಾಡಿ ಕೈ ಪಳಗಿದವರು. ಎಲೆಕ್ಟ್ರಾನ್‌ಗೆ "ಇ" ಒತ್ತುವ ಬದಲು ಎಕ್ಸ್-ರೇಯ "ಎಕ್ಸ್" ಒತ್ತಿದರು. ತಪ್ಪು ಕಂಡಿತು. ಬಾಣದ ಗುರುತಿನ ಕೀ ಒತ್ತಿ ಮೇಲೆ ಹೋಗಿ ಸರಿ ಮಾಡಿದರು. ಎಲ್ಲ ಕೆಲವೇ ಸೆಕೆಂಡುಗಳಲ್ಲಿ. ಒಳಗೆ ಯಂತ್ರದ ಅಯಸ್ಕಾಂತಗಳು ಸಜ್ಜಾಗಲು ಸುಮಾರು 8 ಸೆಕೆಂಡು ಬೇಕಿತ್ತು. ಆ ಹೊತ್ತಿನಲ್ಲಿ ಆದ ತಿದ್ದುಪಡಿಯನ್ನು ಸಾಫ್ಟ್‌ವೇರ್ ಗಮನಿಸುತ್ತಲೇ ಇರಲಿಲ್ಲ. ಸ್ಕ್ರೀನ್ ಮೇಲೆ ಸರಿಯಾಗಿ ಕಾಣುತ್ತಿತ್ತು, ಒಳಗೆ ಬೇರೆಯೇ ನಡೆಯುತ್ತಿತ್ತು. ಕಿರಣ ಬಿಟ್ಟಾಗ "ಮಾಲ್‌ಫಂಕ್ಷನ್ 54" ಅಂತ ಬಂತು. ಅದರ ಅರ್ಥ ಏನು ಅಂತ ಅವರ ಕೈಪಿಡಿಯಲ್ಲಿ ಇರಲಿಲ್ಲ. ಆ ಯಂತ್ರ ದಿನಕ್ಕೆ ಎಷ್ಟೋ ಸಲ ಹಾಗೆ ಏನೇನೋ ಮೆಸೇಜ್ ತೋರಿಸುತ್ತಿತ್ತು. "ಪಿ" ಒತ್ತಿದರೆ ಮುಂದೆ ಹೋಗುತ್ತಿತ್ತು. ಅವರು "ಪಿ" ಒತ್ತಿದರು.

ಕೊಡಬೇಕಿದ್ದದ್ದು 180 ರ್ಯಾಡ್ (ವಿಕಿರಣ ಅಳೆಯುವ ಮಾನ). ಆಮೇಲೆ ಅಂದಾಜು ಮಾಡಿದಾಗ 16,500ಕ್ಕೂ ಜಾಸ್ತಿ ಹೋಗಿತ್ತು. ಒಳಗೆ ಮಲಗಿದ್ದ ಮನುಷ್ಯ ಎದ್ದು ಬಂದು ಬಾಗಿಲು ಬಡಿದರು. ಒಳಗಿನದನ್ನು ತೋರಿಸುವ ಟಿವಿ ಅವತ್ತು ಆನ್ ಇರಲಿಲ್ಲ. ಮಾತು ಕೇಳಿಸುವ ಇಂಟರ್‌ಕಾಮ್ ಕೆಟ್ಟಿತ್ತು. ಅವರು ಐದು ತಿಂಗಳು ನರಳಿ ತೀರಿಕೊಂಡರು. ಮುಂದಿನ ತಿಂಗಳೇ ಅದೇ ಊರಲ್ಲಿ, ಅದೇ ಯಂತ್ರದಲ್ಲಿ ಇನ್ನೊಬ್ಬರಿಗೆ ಹೀಗೇ ಆಯಿತು. ಆಗ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಆ ಆಪರೇಟರ್ ಇಬ್ಬರೂ ಕೂತು, ಮತ್ತೆ ಮತ್ತೆ ಟೈಪ್ ಮಾಡಿ, ತಪ್ಪನ್ನು ಹಿಡಿದರು. ನಿಧಾನವಾಗಿ ಟೈಪ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಬೇಗ ಮಾಡಿದರೆ ಮಾತ್ರ ಆಗುತ್ತಿತ್ತು.

ನನ್ನನ್ನು ಕಾಡುವುದು ಆಮೇಲೆ ಹೊರಬಿದ್ದ ಸಂಗತಿ. ಇದಕ್ಕಿಂತ ಹಿಂದಿನ ಯಂತ್ರ ಥೆರಾಕ್-20ರಲ್ಲೂ ಇದೇ ತಪ್ಪು ಇತ್ತು. ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ಯಾಕೆಂದರೆ ಅದರಲ್ಲಿ ಸಾಫ್ಟ್‌ವೇರ್ ಅನ್ನು ನಂಬದ ಬೇರೆಯೇ ತಡೆಗಳಿದ್ದವು. ಹೀಗಾದಾಗ ಫ್ಯೂಸ್ ಹೋಗುತ್ತಿತ್ತು, ಅಷ್ಟೇ. ಹೊಸ ಯಂತ್ರ ಮಾಡುವಾಗ ಆ ತಡೆಗಳನ್ನು ತೆಗೆದರು. ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಅಂದುಕೊಂಡರು. ಆ ತೀರ್ಮಾನ ಆದದ್ದು ಡ್ರಾಯಿಂಗ್ ಬೋರ್ಡ್ ಮೇಲೆ, ಅಪಘಾತಕ್ಕೆ ಎಷ್ಟೋ ವರ್ಷ ಮುಂಚೆ. ಕೊನೆಯಲ್ಲಿ ಎಷ್ಟು ಟಿಕ್ ಹಾಕಿದರೂ ಅದು ಸಿಗುತ್ತಿರಲಿಲ್ಲ.

ಈಗ ವೈದ್ಯಕೀಯ ಸಾಫ್ಟ್‌ವೇರ್‌ಗೆ ಐಇಸಿ 62304 ಅನ್ನುವ ಮಾನದಂಡ ಇದೆ, 2006ರಲ್ಲಿ ಬಂದದ್ದು. ಶುರುವಿನಲ್ಲೇ ಅದು ಒಂದು ಪ್ರಶ್ನೆ ಕೇಳುತ್ತದೆ. ಈ ಸಾಫ್ಟ್‌ವೇರ್ ತಪ್ಪು ಮಾಡಿದರೆ ಯಾರಿಗಾದರೂ ಪೆಟ್ಟಾಗುತ್ತದಾ, ಜೀವ ಹೋಗುತ್ತದಾ? ಉತ್ತರ ನೋಡಿಕೊಂಡು ಎ, ಬಿ, ಸಿ ಅಂತ ದರ್ಜೆ ಕೊಡಬೇಕು. ಮುಂದಿನ ಕೆಲಸದ ಬಿಗಿ ಅದರ ಮೇಲೆ ನಿಂತಿರುತ್ತದೆ.

ನಾವು ಯಂತ್ರ ಮಾಡುವುದಿಲ್ಲ, ಬರೀ ಆ್ಯಪ್ ಮಾಡುತ್ತೇವೆ ಅನ್ನುತ್ತೀರಾ? ಸಾಲ ಕೊಡುವ ಆ್ಯಪ್‌ಗಳ ವಿಷಯ ನೆನಪಿಸಿಕೊಳ್ಳಿ. ಕಂತು ಒಂದು ದಿನ ತಪ್ಪಿದರೆ ಸಾಲ ತೆಗೆದುಕೊಂಡವರ ಅತ್ತೆಗೆ, ಆಫೀಸಿನ ಬಾಸ್‌ಗೆ, ಹಾಲಿನವನಿಗೆ ಕೂಡ ಫೋನ್ ಹೋಗುತ್ತಿತ್ತು. ಮಾನ ಹೋಯಿತು ಅಂತ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಇಷ್ಟಕ್ಕೆಲ್ಲ ಮೂಲ, ಆ್ಯಂಡ್ರಾಯ್ಡ್ ಆ್ಯಪ್‌ನ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಒಂದೇ ಒಂದು ಸಾಲು. ಕಾಂಟ್ಯಾಕ್ಟ್ಸ್ ಓದಲು ಅನುಮತಿ ಕೇಳುವ ಸಾಲು. ಅದನ್ನು ಟೈಪ್ ಮಾಡಿದ್ದು ನಿಮ್ಮ ವಯಸ್ಸಿನ ಒಬ್ಬ ಹುಡುಗನೋ ಹುಡುಗಿಯೋ ಇರಬೇಕು. ಯಾಕೆ ಬೇಕು ಅಂತ ಅವತ್ತು ಒಂದು ಮಾತು ಕೇಳಿದ್ದರೆ ಅನ್ನಿಸುತ್ತದೆ ನನಗೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲಕ್ಕೆ ನಿಯಮ ತಂದಿತು. ಸಾಲದ ಆ್ಯಪ್ ಫೋನಿನ ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿ, ಫೋಟೊ, ಫೈಲು ಮುಟ್ಟುವಂತಿಲ್ಲ. ಗುರುತು ಪರಿಶೀಲನೆಗೆ ಕ್ಯಾಮೆರಾದಂಥದ್ದನ್ನು ಒಂದು ಸಲ, ಒಪ್ಪಿಗೆ ಪಡೆದು ಬಳಸಬಹುದು. ಮೊದಲೇ ಹಾಗೆ ಕಟ್ಟಿದವರಿಗೆ ಆ ನಿಯಮದಿಂದ ಒಂದು ಸಾಲೂ ಬದಲಾಗಲಿಲ್ಲ. ಕಾಂಟ್ಯಾಕ್ಟ್ಸ್ ನೋಡಿಯೇ ವಸೂಲಿ ಅಂತ ಕಟ್ಟಿಕೊಂಡವರು ಇಡೀ ವ್ಯವಸ್ಥೆಯನ್ನೇ ಬಿಚ್ಚಬೇಕಾಯಿತು.

ಇನ್ನು ನಮ್ಮ ದೇಶದ ಡೇಟಾ ಕಾನೂನು. ಅದರ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ. ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಂದೇ ದನಿಯಲ್ಲಿ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಅಲ್ಲಿಂದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಸಮಯ ಕೊಟ್ಟಿದ್ದಾರೆ. ಡೇಟಾ ಕಾಪಾಡಲು ಸರಿಯಾದ ಕ್ರಮ ತೆಗೆದುಕೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ದಂಡದ ಮಾತು ಇಲ್ಲಿಗೆ ಸಾಕು. ಭಯದಿಂದ ಬರೆದ ಕೋಡ್‌ನಲ್ಲಿ ಕಾಳಜಿ ಇರುವುದಿಲ್ಲ.

ಈ ಕಾಯ್ದೆಯನ್ನು ಒಂದು ಸಲ ಇಂಜಿನಿಯರ್ ಕಣ್ಣಿಂದ ಓದಿ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು ಅನ್ನುತ್ತದೆ. ಅಂದರೆ ಮೊದಲ ಪುಟದಲ್ಲೇ ದೊಡ್ಡ ಬಟನ್ ಇಟ್ಟು ಒಪ್ಪಿಸಿಕೊಂಡು, ರದ್ದು ಮಾಡುವುದನ್ನು ಸೆಟ್ಟಿಂಗ್ಸ್‌ನ ಐದನೇ ಮೆಟ್ಟಿಲ ಕೆಳಗೆ ಬಚ್ಚಿಡುವಂತಿಲ್ಲ. ಇನ್ನೊಂದು, ನಾಮಿನಿ. ಬ್ಯಾಂಕ್ ಪಾಸ್‌ಬುಕ್ ಮಾಡಿಸುವಾಗ ಬರೆಯುತ್ತೇವಲ್ಲ, ಹಾಗೆಯೇ. ನಾನು ಸತ್ತ ಮೇಲೆ ನನ್ನ ಡೇಟಾ ಬಗ್ಗೆ ಯಾರು ಕೇಳಬಹುದು ಅಂತ ಹೆಸರಿಸುವ ಹಕ್ಕು ಈ ಕಾಯ್ದೆಯಲ್ಲಿದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಹಾಸನದ ಆ ತಾಯಿ ನೆನಪಾದರು. ಅವರಂಥವರಿಗೆ ಅಂತ ಒಂದು ಕಾಲಂ ನಮ್ಮ ಟೇಬಲ್‌ನಲ್ಲಿ ಇರಲೇ ಇಲ್ಲ.

ಮೂರನೆಯದು ನನಗೆ ಬಹಳ ಹತ್ತಿರದ್ದು. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನಕ್ಕೆ ಇರಬೇಕು. ಕನ್ನಡದಲ್ಲಿ ಕೂಡ. ಇದನ್ನು ಕೊನೆಗೆ ಬಿಟ್ಟರೆ ಏನಾಗುತ್ತದೆ ನೋಡಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಬಟನ್ ಅಳತೆ ಮಾಡಿರುತ್ತಾರೆ. ಕನ್ನಡ ಹಾಕಿದರೆ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. ವಾಕ್ಯ ಉದ್ದವಾಗಿ ಅರ್ಧ ಮಾತು ಸ್ಕ್ರೀನ್ ಆಚೆ ನಿಲ್ಲುತ್ತದೆ. ಅರ್ಧ ಕಾಣದ ಮಾತಿಗೆ ಕೊಟ್ಟದ್ದು ಎಂಥ ಒಪ್ಪಿಗೆ? ಹಾಗಾಗಿ ನಾವು ಈಗ ಯಾವ ಸ್ಕ್ರೀನ್ ಮಾಡಿದರೂ ಮೊದಲು ಕನ್ನಡದಲ್ಲಿ ಮಾಡುತ್ತೇವೆ. ಕನ್ನಡ ಕೂತರೆ ಇಂಗ್ಲಿಷ್ ತಾನಾಗಿ ಕೂರುತ್ತದೆ. ಯಾರು ಯಾವ ದಿನ, ಯಾವ ಭಾಷೆಯಲ್ಲಿ, ಯಾವ ಆವೃತ್ತಿಯ ಬರಹ ಓದಿ ಒಪ್ಪಿದರು ಅಂತ ಒಪ್ಪಿಗೆಯ ಜೊತೆಗೇ ಬರೆದಿಡುತ್ತೇವೆ.

ಭಾಷೆಯ ವಿಷಯದಲ್ಲಿ ಇನ್ನೊಂದು ಮಾತು. ಮೊದಲು ನಮಗೆ ಬಂದ ಅನುವಾದ ಹೀಗಿತ್ತು: "ನನ್ನ ವೈಯಕ್ತಿಕ ದತ್ತಾಂಶದ ಸಂಸ್ಕರಣೆಗೆ ಈ ಮೂಲಕ ಸಮ್ಮತಿಯನ್ನು ನೀಡಿರುತ್ತೇನೆ." ಅದನ್ನು ನಮ್ಮಮ್ಮನಿಗೆ ತೋರಿಸಿದೆ. ಎರಡು ಸಲ ಓದಿ, "ಇದು ರಿಜಿಸ್ಟ್ರಾರ್ ಆಫೀಸಿಂದ ಬಂದಿದ್ದಾ?" ಅಂದರು. ಆಮೇಲೆ ನಾವೇ ಕೂತು ಬರೆದೆವು: "ಸಾಮಾನು ತರುವ ಹುಡುಗ ಈ ನಂಬರ್‌ಗೆ ಫೋನ್ ಮಾಡುತ್ತಾನೆ. ಅದಕ್ಕೆ ಮಾತ್ರ ಬಳಸುತ್ತೇವೆ. ಬೇಡ ಅನಿಸಿದರೆ ಇಲ್ಲೇ ಒತ್ತಿ." ಅಮ್ಮ ಓದಿದ ಕೂಡಲೇ, "ಅದಕ್ಕೆ ಮಾತ್ರ ಅಂದ್ರೆ ಆಫರ್ ಮೆಸೇಜ್ ಬರಲ್ಲ ಅಲ್ವಾ?" ಅಂದರು. ಅರ್ಥ ಆಯಿತು ಅಂದರೆ ಅದು. ಮತ್ತೆ ನೋಡಿ, ಅಷ್ಟು ನೇರವಾಗಿ ಬರೆದ ಮೇಲೆ ಆ ನಂಬರ್‌ಗೆ ಆಫರ್ ಕಳಿಸುವ ದಾರಿಯನ್ನು ಕೋಡ್‌ನಲ್ಲೂ ಮುಚ್ಚಲೇಬೇಕಾಯಿತು. ಕನ್ನಡದ ಒಂದು ಸರಳ ವಾಕ್ಯ ನಮ್ಮ ಸಾಫ್ಟ್‌ವೇರ್ ಅನ್ನು ತಿದ್ದಿತು.

ಎಲ್ಲವನ್ನೂ ಅಳಿಸಿಬಿಟ್ಟರೆ ಸರಿ ಅಂತಲೂ ಅಂದುಕೊಳ್ಳಬೇಡಿ. ಇಟ್ಟುಕೊಳ್ಳಲೇಬೇಕು ಅನ್ನುವ ಕಾನೂನುಗಳೂ ಇವೆ. ಅಕ್ರಮ ಹಣ ತಡೆಯುವ ಕಾಯ್ದೆ ಪ್ರಕಾರ ಬ್ಯಾಂಕ್ ವ್ಯವಹಾರದ ದಾಖಲೆ ಐದು ವರ್ಷ ಇರಬೇಕು. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ದಾಳಿಯಂಥದ್ದು ಆದರೆ 6 ಗಂಟೆಯೊಳಗೆ ತಿಳಿಸಬೇಕು. ಅದಕ್ಕೇ ಪ್ರತಿ ಕಾಲಂಗೂ ಹುಟ್ಟಿದ ದಿನವೇ ಮೂರು ಮಾತು ಬರೆದಿಡಬೇಕು. ಇದು ಯಾಕೆ ಬೇಕು, ಎಷ್ಟು ದಿನ ಬೇಕು, ಇದಕ್ಕೆ ಜವಾಬ್ದಾರಿ ಯಾರು. ಲಾಗ್ ಇರಲಿ, ಅದರೊಳಗೆ ಇಡೀ ಫೋನ್ ನಂಬರ್ ಯಾಕಿರಬೇಕು? ಕೊನೆಯ ಎರಡು ಅಂಕಿ ಸಾಕು.

ಈಗ ನಾನಿರುವ ತಂಡದಲ್ಲಿ ಒಂದು ಪದ್ಧತಿ ಇದೆ. ಉಳಿಸುವ ಕೋಡ್ ಬರೆದವರು ಅಳಿಸುವ ಕೋಡನ್ನೂ ಅದೇ ದಿನ ಬರೆಯಬೇಕು. ಎರಡೂ ಇಲ್ಲದಿದ್ದರೆ ರಿವ್ಯೂ ಪಾಸ್ ಆಗುವುದಿಲ್ಲ. ಕಾನೂನು ನೋಡುವವರು ನಮ್ಮ ಮೊದಲ ಮೀಟಿಂಗ್‌ನಲ್ಲೇ ಇರುತ್ತಾರೆ, ವೈಟ್‌ಬೋರ್ಡ್ ಮುಂದೆ ನಿಂತು ಟೇಬಲ್ ನೋಡುತ್ತಾರೆ. ಟೆಸ್ಟಿಂಗ್‌ಗೆ ನಿಜವಾದ ಜನರ ಡೇಟಾ ಮುಟ್ಟುವುದಿಲ್ಲ. ಇದೆಲ್ಲದರ ಜೊತೆ ನಮಗೊಬ್ಬರು ಪುಟ್ಟಮ್ಮ ಇದ್ದಾರೆ.

ಪುಟ್ಟಮ್ಮ ನಿಜವಾದ ಮನುಷ್ಯರಲ್ಲ. ಪ್ರತಿ ರಾತ್ರಿ ಹನ್ನೊಂದಕ್ಕೆ ನಮ್ಮ ಟೆಸ್ಟ್ ಸಿಸ್ಟಂನಲ್ಲಿ ಅವರ ಹೆಸರಲ್ಲಿ ಒಂದು ಖಾತೆ ತೆರೆಯುತ್ತದೆ. ಅವರು ಅಕ್ಕಿ, ಬೇಳೆ ಆರ್ಡರ್ ಮಾಡುತ್ತಾರೆ, ಒಂದು ದೂರು ಕೊಡುತ್ತಾರೆ, ವಿಳಾಸ ಬದಲಿಸುತ್ತಾರೆ. ಆಮೇಲೆ "ನನ್ನ ಮಾಹಿತಿ ಅಳಿಸಿ" ಅನ್ನುತ್ತಾರೆ. ಆಗ ಒಂದು ಪ್ರೋಗ್ರಾಂ ಎಲ್ಲ ಟೇಬಲ್, ಲಾಗ್, ಫೈಲ್‌ಗಳಲ್ಲಿ ಅವರ ನಂಬರ್ ಹುಡುಕುತ್ತದೆ. ಬ್ಯಾಕಪ್ ಒಂದನ್ನು ವಾಪಸ್ ಹಾಕಿ ಅಲ್ಲೂ ನೋಡುತ್ತದೆ. ಕಾನೂನು ಇಡಲು ಹೇಳಿದ ಜಾಗ ಬಿಟ್ಟು ಬೇರೆ ಎಲ್ಲೇ ಸಿಕ್ಕರೂ ಬೆಳಿಗ್ಗೆ ಬಿಲ್ಡ್, ಅಂದರೆ ಹೊಸ ಕೋಡ್ ಸೇರಿಸಿ ಸಾಫ್ಟ್‌ವೇರ್ ತಯಾರಿಸುವ ಕೆಲಸ, ನಿಂತಿರುತ್ತದೆ. ಅದು ಸರಿಹೋಗುವವರೆಗೆ ಹೊಸ ಕೋಡ್ ಒಂದೂ ಹೊರಗೆ ಹೋಗುವುದಿಲ್ಲ.

ಇಷ್ಟು ಹೇಳಿ ಮುಗಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

"ಮೇಡಂ, ಸ್ಟಾರ್ಟಪ್ ಅಂದ್ರೆ ಟೈಮೇ ಇರಲ್ಲ. ಇದೆಲ್ಲ ಮಾಡ್ತಾ ಕೂತ್ರೆ ಬೇರೆಯವರು ಮುಂದೆ ಹೋಗ್ತಾರೆ ಅಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಈಗಿನ ತಂಡದಲ್ಲಿ ಮೊದಲ ವಾರ ಅಳಿಸುವ ಕೋಡ್ ಬರೆಯಲು ನಮಗೆ ಅರ್ಧ ದಿನ ಹಿಡಿಯಿತು. ಹಳೆಯ ಕಂಪನಿಯಲ್ಲಿ ಶುರುವಾಗಿ ನಾಲ್ಕು ವರ್ಷ ಬಿಟ್ಟು ಒಬ್ಬರ ನಂಬರ್ ಅಳಿಸಲು ಒಂಬತ್ತು ದಿನ ಹಿಡಿದಿತ್ತು, ಆದರೂ ಪೂರ್ತಿ ಆಗಲಿಲ್ಲ. ಟೈಮ್ ಇಲ್ಲದವರೇ ಇದನ್ನು ಮೊದಲು ಮಾಡಬೇಕು ಅಂದೆ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. "ಮ್ಯಾನೇಜರ್ರೇ ತಪ್ಪು ಕೆಲಸ ಮಾಡು ಅಂದ್ರೆ? ನಾವು ಹೊಸಬರು. ಆಗಲ್ಲ ಅನ್ನೋಕೆ ಹೇಗಾಗುತ್ತೆ?"

ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಫೋಕ್ಸ್‌ವ್ಯಾಗನ್ ಕತೆ ಹೇಳಿದೆ. ಅವರ ಡೀಸೆಲ್ ಕಾರುಗಳ ಸಾಫ್ಟ್‌ವೇರ್, ಕಾರು ಪರೀಕ್ಷೆಯ ಯಂತ್ರದ ಮೇಲಿದೆ ಅಂತ ಕಂಡುಹಿಡಿದು ಆಗ ಮಾತ್ರ ಹೊಗೆ ಕಡಿಮೆ ಮಾಡುತ್ತಿತ್ತು. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 40 ಪಟ್ಟು ತನಕ ಹೋಗುತ್ತಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ ಕಾರುಗಳನ್ನು ರಸ್ತೆಯಲ್ಲೇ ಓಡಿಸಿ ಅಳೆದದ್ದರಿಂದ ಅನುಮಾನ ಶುರುವಾಯಿತು. 2015ರ ಸೆಪ್ಟೆಂಬರ್‌ನಲ್ಲಿ ಎಲ್ಲ ಬಯಲಾಯಿತು. ಜಗತ್ತಿನಲ್ಲಿ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಕೋಡ್ ಇತ್ತು. 2017ರಲ್ಲಿ ಆ ಕಂಪನಿಯ ಒಬ್ಬ ಇಂಜಿನಿಯರ್‌ಗೆ 40 ತಿಂಗಳ ಜೈಲಾಯಿತು. ಮೂವತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ದುಡಿದವರು. ಮೇಲಿನವರ ಮಾತು ಅವರನ್ನು ಉಳಿಸಲಿಲ್ಲ.

"ನಿನ್ನೊಬ್ಬಳಿಂದ ಆಗಲ್ಲಮ್ಮ, ಅದು ನಿಜ" ಅಂದೆ. "ಆದರೆ ಕೇಳಬಹುದು. ಇದು ಯಾಕೆ ಬೇಕು ಅಂತ ಟಿಕೆಟ್‌ನಲ್ಲೇ ಬರೆದು ಕೇಳು. ಬಾಯಲ್ಲಿ ಬೇಡ. ಬರೆದ ಪ್ರಶ್ನೆಗೆ ಯಾರಾದರೂ ಹೆಸರು ಹಾಕಿ ಉತ್ತರ ಕೊಡಬೇಕಾಗುತ್ತೆ. ನಾನು ನೋಡಿದಂತೆ ಅರ್ಧಕ್ಕರ್ಧ ಕೆಟ್ಟ ಕೆಲಸಗಳು ಅಲ್ಲೇ ನಿಲ್ಲುತ್ತವೆ. ಉಳಿದದ್ದಕ್ಕೆ ಪಕ್ಕದಲ್ಲಿ ಕೂತವರನ್ನು ಜೊತೆಗೆ ಕರಕೋ."

ಕೊನೆಯ ಪ್ರಶ್ನೆ ಮುಂದಿನ ಬೆಂಚಿನಿಂದ ಬಂತು. "ಮೇಡಂ, ಪುಟ್ಟಮ್ಮ ಯಾವತ್ತಾದ್ರೂ ಸಿಕ್ಕಿದ್ದಾರಾ?"

ಸಿಕ್ಕಿದ್ದಾರೆ. ಕೆಲಸಕ್ಕೆ ಸೇರಿ ಎರಡು ವಾರ ಆಗಿದ್ದ ಒಬ್ಬ ಹುಡುಗ, ಏನೋ ತಪ್ಪು ಹುಡುಕುತ್ತಾ, ಇಡೀ ಆರ್ಡರ್ ಅನ್ನು ಲಾಗ್‌ಗೆ ಬರೆಯುವ ಒಂದು ಸಾಲು ಹಾಕಿದ್ದ. ತೆಗೆಯಲು ಮರೆತಿದ್ದ. ಮರುದಿನ ಬೆಳಿಗ್ಗೆ ಬಿಲ್ಡ್ ನಿಂತಿತ್ತು. ಸ್ಕ್ರೀನ್ ಮೇಲೆ ಕೆಂಪು ಅಕ್ಷರದಲ್ಲಿ "ಪುಟ್ಟಮ್ಮ ಇನ್ನೂ ಇಲ್ಲೇ ಇದ್ದಾರೆ" ಅಂತ ಬಂದಿತ್ತು, ಕೆಳಗೆ ಫೈಲ್ ಹೆಸರು, ಸಾಲಿನ ನಂಬರ್. ಅವನ ಮುಖ ಬಿಳಿಚಿಕೊಂಡಿತು. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ, ಹಾಸನದ ಫೋನ್ ಕರೆಯ ವಿಷಯ ಹೇಳಿದೆ. ಅವನು ಆ ಸಾಲು ತೆಗೆದ. ಆಮೇಲೆ ನಾನು ಹೇಳದೆಯೇ, ಲಾಗ್‌ಗೆ ಹೋಗುವ ಯಾವುದೇ ಫೋನ್ ನಂಬರ್ ತಾನಾಗಿ ಮರೆಯಾಗುವಂತೆ ಒಂದು ಸಣ್ಣ ಫಂಕ್ಷನ್ ಬರೆದು ಕಳಿಸಿದ. ಮಧ್ಯಾಹ್ನ ಊಟದ ಹೊತ್ತಿಗೆ ಬಿಲ್ಡ್ ಹಸಿರಾಗಿತ್ತು.